ಜೀಪು ಎತ್ತರ ಮಾಡಿಸಿದ್ದು

ಎಂಬತ್ತರ ದಶಕದಲ್ಲಿ ಚಿಕ್ಕಜಾಲದ ಸುತ್ತಿನ ತೋಟಗಳಿಗೆ ಪಂಪ್‌ಸೆಟ್ ರಿಪೇರಿಗೆ ನಾನು ಹೋಗುತ್ತಿದ್ದದ್ದು ಒಂದು ಹಳೇ ಜೀಪಿನಲ್ಲಿ. ಎತ್ತಿನಗಾಡಿ ಜಾಡಿನ ನಡುವಿನ ದಿಬ್ಬಕ್ಕೆ ಅದರ ಹೊಟ್ಟೆ ಉಜ್ಜುತ್ತಿತ್ತು. ಎತ್ತರ ಮಾಡಿಸೋಣವೆಂದು ಯಶವಂತಪುರದ ಮೆಕ್ಯಾನಿಕ್ ಬಾಷಾ ಹತ್ತಿರ ಹೋದೆ. ಹೊಸ ಸ್ಪ್ರಿಂಗಿಗೆ ಕಾಸಿಲ್ಲ ಅಂದಾಗ, ಗುಜರಿ ಲಾರಿಯ ಕಮಾನು ಪಟ್ಟಿಗಳನ್ನೇ ಕತ್ತರಿಸಿ ಕೂರಿಸಿದ.

ಜೀಪು ಒಂಟೆಯ ಹಾಗೆ ಎದ್ದು ನಿಂತಿತು. ನನಗೋ ಎಲ್ಲಿಲ್ಲದ ಜಂಬ. ದಾರಿಯಲ್ಲಿ ಸಿಕ್ಕ ರೈತ ಮುನಿಶಾಮಪ್ಪನವರನ್ನು ಕರೆದು ಹತ್ತಿಸಿಕೊಂಡೆ. ಸಣ್ಣ ಕಲ್ಲು ಸಿಕ್ಕರೂ ಇಬ್ಬರ ತಲೆಯೂ ಟಾಪಿನ ಕಂಬಿಗೆ ಬಡಿಯುತ್ತಿತ್ತು. ಅರ್ಧ ದಾರಿಗೇ ಅವರು ಕೈಮುಗಿದು ಇಳಿದರು.

"ನಾನು ನಡ್ಕೊಂಡೇ ಓಯ್ತೀನಿ ಸ್ವಾಮಿ. ನಂಗೆ ಮೊಮ್ಮಕ್ಕಳವೆ."

ಮಾರನೇ ದಿನ ಬಾಷಾ ಮೇಲೆ ರೇಗಾಡಿದೆ. ಅವನು ಬಾಯಲ್ಲಿದ್ದ ಬೀಡಿಯನ್ನೂ ತೆಗೆಯಲಿಲ್ಲ.

"ಲಾರಿ ಪಟ್ಟಿ ಅಲ್ವಾ ಸಾರ್, ಲೋಡ್ ಕೇಳುತ್ತೆ. ಹಿಂದೆ ನಾಲ್ಕು ಕಲ್ಲುಚಪ್ಪಡಿ ಹಾಕ್ಕೊಳ್ಳಿ, ತೊಟ್ಟಿಲು ತೂಗಿದಂಗೆ ಹೋಗುತ್ತೆ."

ಹಾಕಿಕೊಂಡೆ. ನಿಜಕ್ಕೂ ತೊಟ್ಟಿಲಿನಂತೆಯೇ ಓಡಿತು, ಅದೇ ಹಳೇ ದಿಬ್ಬದವರೆಗೆ. ಅಲ್ಲಿ ಹೊಟ್ಟೆ ಊರಿಕೊಂಡು ಕೂತುಬಿಟ್ಟಿತು. ಬೆವರು ಸುರಿಸುತ್ತಾ ಚಪ್ಪಡಿ ಇಳಿಸುತ್ತಿದ್ದಾಗ ಹಿಂದಿನಿಂದ ಮುನಿಶಾಮಪ್ಪನವರು ನಡೆದು ಬಂದರು.

"ಏನ್ ಸ್ವಾಮಿ, ಮನೆ ಕಟ್ತಾ ಇದೀರಾ?"

ಹೂಂ ಅಂದೆ. ಜೀಪು ಎತ್ತರ ಮಾಡ್ತಾ ಇದೀನಿ ಅನ್ನೋದಕ್ಕಿಂತ ಅದೇ ವಾಸಿ.