ಅಗಸಿ ತಪ್ಪಿಸಬ್ಯಾಡ್ರಿ

ನಿನ್ನೆ ಬೆಳಗ್ಗೆ ಒಂದು ಗುಳಿಗೆಗೆ ಸೂಜಿ ಚುಚ್ಚುತ್ತ ಕೂತಿದ್ದೆ. ನಗಬೇಡಿ. ಕಣ್ಣಿನ ಡಾಕ್ಟರು ಬರೆದುಕೊಟ್ಟ ಡಬ್ಬಿ ಅದು. ಮೇಲೆ ಪುಟ್ಟ ನೀಲಿ ಹೂವಿನ ಚಿತ್ರ, ಒಳಗೆ ಜೇನಿನ ಬಣ್ಣದ, ಹುಣಸೆಬೀಜಕ್ಕಿಂತ ದಪ್ಪನೆಯ ಗುಳಿಗೆಗಳು. ನುಂಗಲು ಹೋದರೆ ಗಂಟಲಲ್ಲೇ ಠಾಣ್ಯ ಹೂಡುತ್ತವೆ. ಚುಚ್ಚಿ, ಹಿಂಡಿ, ರೊಟ್ಟಿಗೆ ಸವರಿಕೊಂಡರಾಯಿತು ಎಂದು ನಾನು ಉಪಾಯ ಮಾಡಿದ್ದೆ. ಎಣ್ಣೆ ಬೆರಳಿಗೆ ಹತ್ತಿದ್ದೇ ತಡ, ಮೂಗಿಗೆ ಹಸಿ ಅಗಸೆಯ ವಾಸನೆ ಬಡಿಯಿತು. ಗುಳಿಗೆ ಅಂಗೈಯಲ್ಲೇ ಉಳಿಯಿತು. ನಾನು ಮಾತ್ರ ಹೂವಿನ ಹಿಪ್ಪರಗಿಯ ಅಂಬವ್ವತ್ತೆಯ ಅಡುಗೆಮನೆಗೆ ಹೋಗಿಬಿಟ್ಟೆ.

ಅಂಬವ್ವತ್ತೆ ನಮ್ಮಪ್ಪನ ಅಕ್ಕ. ನಾನಾಗ ಬಸವನ ಬಾಗೇವಾಡಿಯಲ್ಲಿ ಸಾಲಿ ಕಲಿಸುತ್ತಿದ್ದೆ. ತೊಂಬತ್ತರ ದಶಕ ಮುಗಿಯಲು ಬಂದಿತ್ತು. ರವಿವಾರ ಬಂತೆಂದರೆ ಹಿಪ್ಪರಗಿಯ ಬಸ್ಸು ಹತ್ತುವುದು ನನ್ನ ಚಾಳಿ. ನೆಪ ಅತ್ತೆಯನ್ನು ನೋಡುವುದು, ನಿಜವಾದ ಆಸೆ ಅವಳ ಕೈಯ ಬಿಸಿ ರೊಟ್ಟಿ, ಎಣ್ಣೆಗಾಯಿ. ಹೋದಾಗಲೆಲ್ಲ ಅವಳು ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂತಿರುತ್ತಿದ್ದಳು. ಮನೆಯ ಹಳೆಯ ಸೀರೆ, ಧೋತರಗಳನ್ನೆಲ್ಲ ಪದರ ಪದರವಾಗಿ ಹಾಸಿ ಅವಳು ಹಾಕುತ್ತಿದ್ದ ಹೊಲಿಗೆ ಕೂರಿಗೆಯ ಸಾಲಿನಂತೆ ನೆಟ್ಟಗೆ ಹೋಗುತ್ತಿತ್ತು. ನಾನು ಒಮ್ಮೆ ಕೈಹಚ್ಚಿದ್ದಕ್ಕೆ, “ಏಳವ್ವಾ ನೀ, ನಿನ್ನ ಹೊಲಿಗಿ ಹಾವು ಹರದಂಗ ಐತಿ, ಇದನ್ನ ಹೊಚ್ಚಿಕೊಂಡಾವ್ರಿಗೆ ನಿದ್ದಿ ಬಂದೀತೇನು?” ಎಂದು ಎಬ್ಬಿಸಿಬಿಟ್ಟಿದ್ದಳು.

ಅವಳ ಗಂಡ ಸಂಗಪ್ಪ ಮಾಮಾ. ಒಳ್ಳೆಯ ಮನುಷ್ಯ, ಆದರೆ ನಡಿಗೆ ಮಾತ್ರ ಹಳೆಯ ಕಾಲದ್ದು. ಎಲ್ಲಿಗೆ ಹೊರಟರೂ ಮಾಮಾ ಮುಂದೆ, ಅತ್ತೆ ಹಿಂದೆ, ನಡುವೆ ಒಂದು ಚಕ್ಕಡಿ ಹಾಯುವಷ್ಟು ಜಾಗ. ಒಮ್ಮೆ ಸಿಂದಗಿಯ ಲಗ್ನಕ್ಕೆ ಹೋಗುವಾಗ ಮಾಮಾ ಬಸ್ಸು ಹತ್ತಿದರು, ಬಸ್ಸು ಬಿಟ್ಟಿತು, ಅತ್ತೆ ಸ್ಟ್ಯಾಂಡಿನಲ್ಲೇ ನಿಂತಿದ್ದಳು. “ಹಿಂದ ತಿರಗಿ ನೋಡಬಾರದೇನ್ರಿ ಮಾಮಾ?” ಎಂದು ಕೇಳಿದ್ದಕ್ಕೆ, “ಗಂಡಸು ಹಜ್ಜಿಗೊಮ್ಮೆ ಹಿಂದ ತಿರಗಿ ನೋಡಿದ್ರ ಮಂದಿ ಏನಂದಾರವಾ?” ಎಂದರು. ಆ ಊರಿನಲ್ಲಿ ಅದು ವಿಚಿತ್ರವೇನಲ್ಲ. ಎಲ್ಲರ ಮನೆಯಲ್ಲೂ ಅದೇ ರೂಢಿ.

ಒಂದು ರವಿವಾರ ಅತ್ತೆ ಸೂಜಿ ಹಿಡಿದು ಸುಮ್ಮನೆ ಕೂತಿದ್ದಳು. “ಯವ್ವಾ, ಈ ಗೆರಿ ಸೊಟ್ಟ ಹೋಗೇತೇನ ನೋಡು” ಎಂದಳು. ನೋಡಿದೆ, ನೆಟ್ಟಗೇ ಇತ್ತು. ಅವಳು ನಂಬಲಿಲ್ಲ. ಬಾಗಿಲ ಚೌಕಟ್ಟಿನ ಕಡೆ ಬೆರಳು ಮಾಡಿ, “ಅದೂ ಬಾಗೇತಿ ಹಂಗಾರ? ಬಡಿಗ್ಯಾರಪ್ಪ ಕುಡದು ಕೂಡಿಸಿದ್ನೇನು?” ಎಂದು ನಗಲು ನೋಡಿದಳು, ನಗು ಬರಲಿಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದಳು: “ನಿನ್ನ ಕಿವಿ ಕಾಣ್ತಾವ, ಹೆರಳ ಕಾಣ್ತೈತಿ. ಮಾರಿ ನಡುವ ಹೊಗಿ ಮೆತ್ತಿದಂಗ ಐತಿ. ಮಂದಿ ಮಾರೀನ ಕಾಣದಂಗಾದ್ರ ನಾ ಹೆಂಗ ಇರಲೇ ಯವ್ವಾ?” ಅತ್ತೆ ಯಾವುದಕ್ಕೂ ಹೆದರಿದ್ದನ್ನು ನಾನು ನೋಡಿರಲಿಲ್ಲ.

ವಿಜಾಪುರದ ಕಣ್ಣಿನ ಡಾಕ್ಟರ ಹತ್ತಿರ ಅವಳನ್ನು ಮಾಮಾನೇ ಕರೆದುಕೊಂಡು ಹೋದರು. ನನಗೆ ಅರ್ಧವಾರ್ಷಿಕ ಪರೀಕ್ಷೆಯ ಗದ್ದಲ. ಸಂಜೆ ಬಾಗೇವಾಡಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಹೋಗಿ ಭೇಟಿಯಾದೆ. ಮಾಮಾ ವರದಿ ಒಪ್ಪಿಸಿದರು. ವಯಸ್ಸಿಗೆ ಕಣ್ಣಿನ ಹಿಂದಿನ ಪರದೆ ಸವೆದಿದೆಯಂತೆ. ಕಳೆದದ್ದು ತಿರುಗಿ ಬರುವುದಿಲ್ಲ, ಆಪರೇಶನ್ನಿಲ್ಲ. ಇದ್ದದ್ದು ಉಳಿಯಲಿ ಎಂದು ಮೀನೆಣ್ಣೆಯ ಗುಳಿಗೆ ಕೊಟ್ಟು ನೋಡುವುದುಂಟು, ಖಾತ್ರಿ ಮಾತ್ರ ಇಲ್ಲ ಅಂದರಂತೆ.

“ಮೀನಂತ ಮೀನು!” ಎಂದು ಅತ್ತೆ ಕೊರಳಿನ ಕರಡಿಗೆ ಮುಟ್ಟಿಕೊಂಡಳು. “ಕೊಳ್ಳಾಗ ಲಿಂಗಾ ಕಟಗೊಂಡು ಮೀನ ನುಂಗಲೇನು?”

“ನಾವು ಒಲ್ಲೆ ಅಂದ್ವಿ,” ಎಂದರು ಮಾಮಾ. “ಹಂಗಂದ ಮ್ಯಾಲೆ, ಹಾಗಿದ್ರೆ ದಿನಾ ಬೆಳಗ್ಗೆ ಅಗಸೆ, ಹಸಿರು ತಪ್ಪಿಸಬೇಡಿ ಅಂದ್ರು. ಡಾಕ್ಟರ್ ಮೈಸೂರ ಕಡ್ಯಾವ್ರು, ಭಾಳ ಚಂದ ಮಾತಾಡ್ತಾರ.”

ಸರಿಯಾದ ಮಾತೇ ಎನ್ನಿಸಿತು. ಮೀನಿನ ಎಣ್ಣೆಯಲ್ಲಿರುವಂಥದ್ದೇ ಒಂದು ಸತ್ವ ಅಗಸೆಯ ಎಣ್ಣೆಯಲ್ಲೂ ಇದೆಯೆಂದು ನಾನು ಎಲ್ಲೋ ಓದಿದ್ದೆ. ನಮ್ಮ ಕಡೆ ಅಗಸಿ ಹಿಂಡಿ ಇಲ್ಲದ ಮನೆ ಕಡಿಮೆ. ಹುರಿದ ಅಗಸೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದ ಪುಡಿಗೆ ಎಣ್ಣೆ ಸುರಿದುಕೊಂಡರೆ ರೊಟ್ಟಿಗೆ ಬೇರೇನೂ ಬೇಡ. ಆ ಕಡಿಮೆ ಮನೆಗಳಲ್ಲಿ ಅತ್ತೆಯದೂ ಒಂದು. ಅಗಸೆ ಬಾಯಲ್ಲಿ ಲೋಳೆ ಲೋಳೆಯಾಗುತ್ತದೆಂದು ಮಾಮಾಗೆ ಸೇರುತ್ತಿರಲಿಲ್ಲ. ಅಲ್ಲಿ ಏನಿದ್ದರೂ ಶೇಂಗಾ ಹಿಂಡಿಯ ದರ್ಬಾರು. ಇನ್ನಾದರೂ ಮಾಡುತ್ತಾರಲ್ಲ ಎಂದು ನಾನು ನಿಶ್ಚಿಂತಳಾದೆ.

ಪರೀಕ್ಷೆ ಮುಗಿಸಿ ಮತ್ತೆ ಹಿಪ್ಪರಗಿಗೆ ಹೋದಾಗ ಮೊದಲು ಅದನ್ನೇ ಕೇಳಿದೆ. “ಅಗಸಿ ತಪ್ಪಿಸಿಲ್ಲ, ಹೌದಿಲ್ಲೋ?”

“ಒಂದಿನಾನೂ ತಪ್ಪಿಲ್ಲ,” ಎಂದಳು ಅತ್ತೆ. “ದಿನಾ ನಸಕಿನ್ಯಾಗ ಇಬ್ಬರೂ ಹೋಗಿ ಬರ್ತೇವಿ.”

“ಹೋಗಿ ಬರ್ತೀರಿ? ಎಲ್ಲಿಗೆ?”

“ಎಲ್ಲಿಗಂದ್ರ? ಅಗಸಿಗೆ!”

ನಮ್ಮ ಕಡೆಯವರಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಬಾಯಲ್ಲಿ ಅಗಸೆ ಬೀಜವೂ ಅಗಸಿಯೇ, ಊರ ಹೆಬ್ಬಾಗಿಲೂ ಅಗಸಿಯೇ. ನಾವು ಮನೆಗೆ ಮನಿ ಅಂದಂತೆ ಅಗಸಿಗೆ ಮೈಸೂರಿನವರು ಅಗಸೆ ಅಂದಿರಬೇಕು ಎಂದು ಮಾಮಾ ತಿಳಿದರು. ಹಸಿರೆಂದರೆ ಸೊಪ್ಪಲ್ಲ, ಅಗಸಿಯ ಆಚೆ ಎದೆಯೆತ್ತರ ನಿಂತ ಹಸಿರು ಜೋಳದ ಹೊಲ. ಕಣ್ಣಿಗೆ ತಂಪು, ದಿನಾ ಹೋಗಿ ನೋಡಿರಿ ಎಂದು ಡಾಕ್ಟರು ಹೇಳಿದ್ದಾರೆ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಮಾಗೆ ಸಿಟ್ಟು ಬಂತು. “ಗುಳಿಗಿ ಒಲ್ಲೆ ಅಂದಾವ್ರಿಗೆ ತಿರಗಾಡ್ರಿ ಅಂತ ಹೇಳೂದು ಡಾಕ್ಟರ್ ಮಂದಿ ರೂಢಿ ಅಲ್ಲೇನು? ಸಕ್ಕರಿ ಬ್ಯಾನಿಯವ್ರಿಗೆ ಹೇಳಾಂಗಿಲ್ಲೇನು?” ಅತ್ತೆ ಮೊದಲು ಕಣ್ಣರಳಿಸಿ ಕೂತಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದಳು. ಕೊನೆಗೆ ಮಾಮಾನೂ ನಕ್ಕರು, ಮೀಸೆಯ ಒಳಗೊಳಗೇ.

ಅವತ್ತೇ ಅಗಸೆ ತರಿಸಿ ಹುರಿದು ಕುಟ್ಟಿ ಹಿಂಡಿ ಮಾಡಿಟ್ಟೆ. ಇನ್ನು ಇವರ ನಸುಕಿನ ಯಾತ್ರೆ ನಿಂತಂತೆಯೇ ಎಂದುಕೊಂಡೆ. ಮರುದಿನ ಎದ್ದು ನೋಡಿದರೆ ಮಾಮಾ ರುಮಾಲು ಸುತ್ತಿ, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಅತ್ತೆ ಚಪ್ಪಲಿ ಹುಡುಕುತ್ತಿದ್ದಾಳೆ. ನಾನೂ ಹಿಂದೆ ಹೊರಟೆ. ಅಂಗಳ ದಾಟಿದರು, ಮಾಮಾ ಎಂದಿನಂತೆ ದಬದಬನೆ ಮುಂದೆ. ಅತ್ತೆ ನಿಂತಳು.

“ಮತ್ತ ಮುಂದ ಹೊಂಟ್ರಿ? ದಿನಾ ಹೇಳಬೇಕೇನು? ಮುಂದ ಇದ್ರ ನೀವು ನನಗ ಕಾಣಾಂಗಿಲ್ರಿ. ಬಾಜೂಕ ಬರ್ರಿ, ಕಾಣ್ತೀರಿ.”

ಅದು ಮುನಿಸಲ್ಲ, ನಿಜ. ಆ ಬೇನೆಯ ಗುಣವೇ ಹಾಗೆ. ಎದುರಿಗಿರುವುದು ಮಬ್ಬು, ಪಕ್ಕದಲ್ಲಿರುವುದು ಕಾಣುತ್ತದೆ. ಮಾಮಾ ಹಿಂದೆ ತಿರುಗಿದರು, ನಾಲ್ಕು ಹೆಜ್ಜೆ ವಾಪಸು ಬಂದರು, ಅತ್ತೆಯ ಬಲಗಡೆ ನಿಂತರು. ಇಬ್ಬರೂ ಓಣಿ ತುಂಬಿಕೊಂಡು ಸಾವಕಾಶ ನಡೆದರು. ಹೋಟೆಲಿನ ಮುಂದೆ ಚಹಾ ಕುಡಿಯುತ್ತಿದ್ದವರೊಬ್ಬರು ಬಿಟ್ಟಾರೆಯೇ? “ಏನ್ರಿ ಗೌಡ್ರ, ಹೊಸಾ ಜೋಡಿ ಎತ್ತಾಗ ಹೊಂಟೇತಿ?” ಎಂದು ಕೂಗಿದರು.

ಮಾಮಾ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. “ಡಾಕ್ಟರ್ ಹೇಳ್ಯಾರ್ರಿ!” ಎಂದು ಗಟ್ಟಿಯಾಗಿ ಹೇಳಿ ಮುಂದೆ ನಡೆದರು. ಡಾಕ್ಟರು ಹಾಗೆ ಹೇಳಿಲ್ಲವೆಂದು ಹಿಂದಿನ ದಿನವಷ್ಟೇ ಗೊತ್ತಾಗಿತ್ತು.

ಅಗಸಿಯ ಕಲ್ಲಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಅತ್ತೆ ಕತ್ತು ಒಂಚೂರು ವಾರೆ ಮಾಡಿ ಮಾಮಾನನ್ನು ನೋಡಿದಳು. “ಮೀಸಿ ಪೂರಾ ಬೆಳ್ಳಗಾಗ್ಯಾವಲ್ರಿ!” ಎಂದಳು. “ಎಂದೋ ಆಗ್ಯಾವ. ನೀ ಎಲ್ಲಿ ನೋಡೀದಿ?” ಎಂದರು ಮಾಮಾ. “ನೀವು ಬೆನ್ನ ತೋರಿಸ್ಕೋತ ತಿರಗಿದ್ರ ಮೀಸಿ ನಾ ಎಲ್ಲಿ ನೋಡ್ಲಿ?” ಎಂದಳು ಅತ್ತೆ. ನನಗೆ ನಗು ಬಂತು, ಅದರ ಜೊತೆಗೇ ಕಣ್ಣೂ ತುಂಬಿತು.

ಮುಂದಿನ ವರ್ಷದ ತಪಾಸಣೆಗೆ ನಾನೂ ಹೋಗಿದ್ದೆ. ಡಾಕ್ಟರು ಬಹಳ ಹೊತ್ತು ದೀಪ ಬಿಟ್ಟು ನೋಡಿ, “ಇದ್ದಷ್ಟೇ ಇದೆ, ಹೆಚ್ಚಾಗಿಲ್ಲ. ಅಗಸೆಯಿಂದಲೇ ಅಂತ ನಾನು ಹೇಳೋಕಾಗಲ್ಲ, ಕೆಲವರಿಗೆ ಇದು ನಿಧಾನ. ಆದ್ರೂ ಅಗಸೆ ಬಿಡಬೇಡಿ” ಎಂದರು.

ಮಾಮಾ ಮುಂದೆ ಬಾಗಿ ಕೇಳಿದರು, “ಯಾವ ಅಗಸಿರಿ ಸಾಹೇಬ್ರ? ಎರಡೂನೂ?”

ಡಾಕ್ಟರು ಗಲಿಬಿಲಿಗೊಂಡರು. ನಾನು ಗೋಡೆಯ ಮೇಲಿನ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ.

ಮುಖದ ನಡುವೆ ಕಾಣುತ್ತಿದ್ದ ಆ ಹೊಗೆ ಅತ್ತೆಗೆ ಹೋಗಲಿಲ್ಲ, ಆದರೆ ಹಬ್ಬಲೂ ಇಲ್ಲ. ಮಂದಿಯನ್ನು ವಾರೆಗಣ್ಣಿಂದ ಗುರುತಿಸುತ್ತ, ರೊಟ್ಟಿ ಬಡಿಯುತ್ತ, ಕೊನೆಯವರೆಗೂ ನೆಮ್ಮದಿಯಿಂದ ಇದ್ದಳು. ಅರ್ಧಕ್ಕೆ ನಿಂತಿದ್ದ ಕೌದಿಯನ್ನೂ ಮುಗಿಸಿ ನನಗೇ ಕೊಟ್ಟಳು. “ಈಗ ನನ್ನ ಹೊಲಿಗೀನೂ ನಿನ್ನ ಹಂಗ ಹಾವು ಹರದಂಗ ಆಗೇತಿ, ನಿದ್ದಿ ಬರಲಿಲ್ಲಂದ್ರ ನನ್ನ ಬೈಬ್ಯಾಡ” ಎಂದಿದ್ದಳು. ಆ ಕೌದಿ ಇಂದಿಗೂ ನನ್ನ ಹಾಸಿಗೆಯ ಮೇಲಿದೆ. ನಿದ್ದೆಗೇನೂ ಕೊರತೆಯಿಲ್ಲ.

ಈಗ ನನ್ನ ಸರದಿ. ವಯಸ್ಸಿನ ಸವೆತ ಈಗಷ್ಟೇ ತಲೆ ಹಾಕಿದೆ, ಕಣ್ಣೇನೂ ಮಂಜಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಗಸೆ ಎಣ್ಣೆಯ ಡಬ್ಬಿ ಕೊಡುವಾಗ ಖಾತ್ರಿಯಿಲ್ಲ ಎಂಬ ಅದೇ ಹಳೆಯ ಮಾತನ್ನೂ ಕೊಟ್ಟರು. ಆ ದಿನದಿಂದ ನಾನು ಹೆದರಿಕೊಂಡೇ ಇದ್ದೆ, ಬಾಗಿಲ ಚೌಕಟ್ಟನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ನಿನ್ನೆ ಆ ಎಣ್ಣೆಯನ್ನು ರೊಟ್ಟಿಗೆ ಸವರಿಕೊಂಡು ತಿಂದು, ಕೈ ತೊಳೆದು, ಪೇಪರ್ ಓದುತ್ತಿದ್ದ ನಮ್ಮ ಯಜಮಾನರನ್ನು ಕರೆದೆ.

“ಏಳ್ರಿ, ಅಗಸಿ ತನಕಾ ಹೋಗಿ ಬರೂಣು.”

“ಈಗ್ಯಾಕ? ಅಲ್ಲೇನೈತಿ?”

“ಡಾಕ್ಟರ್ ಹೇಳ್ಯಾರ.”

ಡಾಕ್ಟರ ಹೆಸರು ಕೇಳಿ ಪಾಪ, ಗಾಬರಿಯಿಂದ ಎದ್ದು ಚಪ್ಪಲಿ ಮೆಟ್ಟಿದರು. ಬೀದಿಗೆ ಇಳಿದದ್ದೇ ದಬದಬನೆ ಮುಂದೆ ಹೊರಟರು. ಇಷ್ಟು ವರ್ಷವೂ ನಾನು ನೋಡಿದ ಬೆನ್ನೇ ಅದು. ನಾನು ನಿಂತು ಕೂಗಿದೆ.

“ಮುಂದ ಇದ್ರ ನನಗ ಕಾಣಾಂಗಿಲ್ರಿ. ಬಾಜೂಕ ಬರ್ರಿ.”

ಗಕ್ಕನೆ ನಿಂತರು, ತಿರುಗಿದರು, ಓಡೋಡಿ ಬಂದು ನನ್ನ ರಟ್ಟೆ ಹಿಡಿದುಕೊಂಡರು. ಮುಂದಿದ್ದಾಗಲೂ ಅವರು ನನಗೆ ಸ್ವಚ್ಛವಾಗಿಯೇ ಕಾಣುತ್ತಿದ್ದರು. ಅಗಸಿ ಮುಟ್ಟುವವರೆಗೂ ಅದನ್ನು ನಾನು ಹೇಳಲಿಲ್ಲ.