ಕೋವಿಯ ಪಾಲು

ವ್ಯಾಲೆಂಟೈನ್ ಕ್ರಾಸ್ತಾನಿಗೆ ವಾರಕ್ಕೆ ಒಂದೇ ಒಂದು ಮಾತುಕತೆ. ಪಾರ್ಕ್ ರಾಯಲ್‌ನ ಸಮೋಸಾ ಫ್ಯಾಕ್ಟರಿಯಲ್ಲಿ ಯಂತ್ರದ ಗಲಾಟೆಗೆ ಪಕ್ಕದವನು ಕೂಗಿದರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಟಿವಿ ತಾನೇ ಮಾತಾಡಿ ತಾನೇ ನಗುತ್ತಿತ್ತು. ಮಾತುಕತೆ ಅಂದರೆ ಭಾನುವಾರ ಸಂಜೆ ಮಗಳು ರೆನಿಟಾ ಮಾಡುವ ಫೋನ್. ಅಪ್ಪ ಊರ ಮಾತಿನಲ್ಲಿ ಕೇಳುವುದು, ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಊಟ ಆಯ್ತಾ, ಶಾಲೆ ಹೇಗುಂಟು, ಅಮ್ಮ ಹೇಗಿದ್ದಾಳೆ. ಇಷ್ಟು ಮುಗಿದರೆ ಇಬ್ಬರೂ ಚಳಿ, ಮಳೆ ಎಂದು ಹವಾಮಾನದ ಬೆನ್ನು ಹತ್ತುತ್ತಿದ್ದರು.

ಅಮ್ಮ ಅಂದರೆ ಫ್ಲೋರಿನ್, ಆಸ್ಪತ್ರೆಯಲ್ಲಿ ನರ್ಸ್. ವ್ಯಾಲೆಂಟೈನ್‌ನಿಂದ ಬಿಡುಗಡೆ ಪಡೆದು, ಕಾಲಿನ್ ಎಂಬ ಇಂಗ್ಲಿಷ್ ರೈತನನ್ನು ಮದುವೆಯಾಗಿ, ಮಗಳನ್ನು ಕರೆದುಕೊಂಡು ವೇಲ್ಸ್ ಗಡಿಯ ಹಳ್ಳಿಗೆ ಹೋಗಿದ್ದಳು. ದೊಡ್ಡ ಜಗಳವೇನೂ ಆಗಿರಲಿಲ್ಲ. ಇವನಿಗೆ ರಾತ್ರಿ ಪಾಳಿ, ಅವಳಿಗೆ ಹಗಲು ಪಾಳಿ. ಒಂದೇ ಹಾಸಿಗೆಯನ್ನು ಸರದಿಯ ಮೇಲೆ ಬಳಸಿ ಬಳಸಿ ಒಬ್ಬರಿಗೊಬ್ಬರು ಬೇಡವಾಗಿಬಿಟ್ಟಿದ್ದರು. ರೇನರ್ಸ್ ಲೇನ್‌ನ ಫ್ಲ್ಯಾಟ್ ಇವನಿಗೆ ಉಳಿಯಿತು. ಮೊದಮೊದಲು ರಜೆಯಲ್ಲಿ ಮಗಳು ಬರುತ್ತಿದ್ದಳು. ಆಮೇಲೆ ಪರೀಕ್ಷೆ, ಕುದುರೆ ಸವಾರಿ, ಗೆಳತಿಯರು ಅಡ್ಡ ಬಂದರು. ಅವಳ ಮುಖ ನೋಡಿ ನಾಲ್ಕು ವರ್ಷದ ಮೇಲಾಗಿತ್ತು. ತಾನು ಒಂಟಿ ಎಂದು ವ್ಯಾಲೆಂಟೈನ್ ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಆದರೆ ಒಂಟಿಯೇ ಆಗಿದ್ದ, ಸುಳ್ಳು ಯಾಕೆ ಹೇಳಬೇಕು.

ಎರಡು ಸಾವಿರದ ಮೂರನೇ ಇಸವಿಯ ಏಪ್ರಿಲ್‌ನ ಒಂದು ಭಾನುವಾರ ಮಗಳು ಹವಾಮಾನ ಬಿಟ್ಟು ಬೇರೆ ಮಾತೆತ್ತಿದಳು.

"ಡ್ಯಾಡಾ, ನನಗೆ ಒಂದು ರೈಫಲ್ ಬೇಕು. ಕಾಲಿನ್‌ನ ಹೊಲವನ್ನೆಲ್ಲ ಮೊಲ ತಿಂದು ಹಾಕ್ತಿವೆ. ಪೊಲೀಸರು ಮನೆಗೆ ಬಂದು ನೋಡಿ ನನ್ನ ಹೆಸರಿಗೆ ಲೈಸೆನ್ಸ್ ಕೊಟ್ಟಿದ್ದಾರೆ. ಯಾವುದು ತಗೊಳ್ಳಲಿ? ನಿನಗೆ ಕೋವಿ ವಿಷಯ ಗೊತ್ತಲ್ವಾ?"

ಗೊತ್ತಿಲ್ಲದೆ ಏನು! ಚಾರ್ಮಾಡಿ ಘಾಟಿಯ ಬುಡದಲ್ಲಿ ಹುಟ್ಟಿದವನು ಅವನು. ಗದ್ದೆಗೆ ನುಗ್ಗುವ ಹಂದಿಯನ್ನು ಹೊಡೆಯಲು ಅವನ ಅಪ್ಪನ ಹತ್ತಿರ ಒಂದು ಕೋವಿ ಇತ್ತು, ಊರಿಗೆಲ್ಲ ಅದೇ ಕೋವಿ. ಹಂದಿ ಬಿದ್ದರೆ ಮಾಂಸಕ್ಕೆ ಪಾಲು ಹಾಕುವ ಕ್ರಮವೊಂದಿತ್ತು. ಹೊಡೆದವನಿಗೆ ಒಂದು, ಕೂಗಿ ಓಡಿಸಿದವರಿಗೆ ಒಂದೊಂದು, ನಾಯಿಗೆ ಒಂದು, ಕೋವಿಗೆ ಒಂದು. ಕೋವಿಯ ಪಾಲು ಅದರ ಯಜಮಾನನ ಮನೆಗೆ ಹೋಗಲೇಬೇಕು. ಅವನು ಬೇಟೆಗೆ ಬಾರದೆ ಮನೆಯಲ್ಲಿ ಮಲಗಿದ್ದರೂ ಸರಿ. ಅಪ್ಪ ಸೊಂಟ ಮುರಿದುಕೊಂಡು ಚಾವಡಿಯಲ್ಲಿ ಬಿದ್ದ ಮೇಲೆ ಊರಿನವರು ಆ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ಕೋವಿಯ ಪಾಲು ತರುವವನು ಮಾತ್ರ ಬರುತ್ತಿದ್ದ. ಬಂದವನು ಮಾಂಸ ಇಟ್ಟು ಹಾಗೇ ಹೋಗುವಂತಿಲ್ಲ. ಕೂತು, ಕಾಫಿ ಕುಡಿದು, ಹಂದಿ ಎಲ್ಲಿ ಎದ್ದಿತು, ಎಲ್ಲಿ ಬಿತ್ತು ಎಂದು ಪೂರ್ತಿ ಕಥೆ ಹೇಳಬೇಕು. ಅಪ್ಪ ಬದುಕಿದ್ದೇ ಆ ಕಥೆಗಳಿಗಾಗಿ.

"ನೀನೆಂತದೂ ತಗೊಳ್ಬೇಡ ಬಾಯೆ, ನಾನೇ ನೋಡಿ ಕಳಿಸ್ತೇನೆ. ಆದ್ರೆ ಒಂದು ಶರ್ತ ಉಂಟು," ಎಂದ ವ್ಯಾಲೆಂಟೈನ್, ಪಾಲಿನ ಕ್ರಮವನ್ನೆಲ್ಲ ವಿವರಿಸಿ. "ಮೊದ್ಲು ಬಿದ್ದ ಮೊಲದಲ್ಲಿ ಕೋವಿಯ ಪಾಲು ನನಗೆ ತಂದು ಕೊಡ್ಬೇಕು. ನೀನೇ ಬರ್ಬೇಕು, ಪೋಸ್ಟಲ್ಲೆಲ್ಲ ಆಗುದಿಲ್ಲ."

ರೆನಿಟಾ ನಕ್ಕು ಒಪ್ಪಿಕೊಂಡಳು. ಮಗಳನ್ನು ಮನೆಗೆ ಕರೆಸಲು ಅವನಿಗೆ ಕೊನೆಗೂ ಒಂದು ನೆಪ ಸಿಕ್ಕಿತ್ತು.

ಮುಂದಿನ ಶನಿವಾರ ಪಿನ್ನರ್ ದಾಟಿ, ಎರಡು ಬಸ್ಸು ಬದಲಿಸಿ ಒಂದು ಕೋವಿ ಅಂಗಡಿಗೆ ಹೋದ. ಜೊತೆಗೆ ಸಂಪತ್ ಶೆಟ್ಟಿ. ಕುಂದಾಪುರದವನು, ರೇನರ್ಸ್ ಲೇನ್‌ನ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಕೋವಿ ಮುಟ್ಟಿ ಗೊತ್ತಿಲ್ಲದಿದ್ದರೂ ಎಲ್ಲಿಗೆ ಕರೆದರೂ ಹೊರಡುವ ಆಸಾಮಿ. ಅಂಗಡಿಯ ಮುದುಕ ಉಣ್ಣೆಯ ಅಂಗಿ ತೊಟ್ಟುಕೊಂಡು, ಬಂದ ಗಿರಾಕಿಯನ್ನು ಮೊದಲು ಅಳೆದು ಆಮೇಲೆ ಮಾತಾಡಿಸುವಂಥವನು. ಗೋಡೆಯ ಮೇಲಿನ ಜಿಂಕೆ ಹೊಡೆಯುವ ದೊಡ್ಡ ರೈಫಲ್ ಮೇಲೆ ವ್ಯಾಲೆಂಟೈನ್‌ನ ಕಣ್ಣು ಬಿದ್ದದ್ದನ್ನು ನೋಡಿ, "ಹುಡುಗಿ ಏನು ಹೊಡೆಯಬೇಕು?" ಎಂದು ಕೇಳಿದ. ಮೊಲ ಎಂದಾಗ ದೊಡ್ಡದನ್ನು ಇಳಿಸಲೇ ಇಲ್ಲ. ಸಣ್ಣ ಗುಂಡಿನ ಪಾಯಿಂಟ್ ಟೂ ಟೂ ಸಾಕು, ಒದೆತವಿಲ್ಲ, ಸದ್ದೂ ಕಡಿಮೆ. ಮೊದಲ ದಿನವೇ ಹೆಗಲು ನೋಯಿಸಿಕೊಂಡವರು ಆಮೇಲೆ ಕಣ್ಣು ಮುಚ್ಚಿಕೊಂಡು ಹೊಡೆಯುವುದನ್ನೇ ಕಲಿಯುತ್ತಾರೆ ಎಂದ. ವ್ಯಾಲೆಂಟೈನ್ ತಲೆದೂಗಿದ. ಒಂದೊಂದೇ ಗುಂಡು ತುಂಬುವಂಥದನ್ನು ತಾನೇ ಕೇಳಿ ತೆಗೆಸಿದ. ಹತ್ತು ಗುಂಡು ಒಟ್ಟಿಗೆ ಹಿಡಿಯುವುದಾದರೆ ಹೊಸಬರು ಗುರಿ ಇಡುವುದಿಲ್ಲ, ಬರೀ ಹಾರಿಸುತ್ತಾರೆ. ಇದನ್ನು ಕೇಳಿ ಮುದುಕನಿಗೆ ಅವನ ಮೇಲೆ ಗೌರವ ಬಂತು.

ಕೊನೆಗೆ ಉಳಿದದ್ದು ಅಳತೆ. ಹೆಗಲಿಗೆ ಒತ್ತುವ ಮರ ಹುಡುಗಿಯ ಕೈಗೆ ಹೊಂದಬೇಕು. ಮೊಣಕೈ ಮಡಚಿದರೆ ಆ ಮಡಿಕೆಯಿಂದ ಟ್ರಿಗರ್ ಎಳೆಯುವ ಬೆರಳಿನವರೆಗೆ ಎಷ್ಟೋ ಅಷ್ಟು.

"ಎಷ್ಟು ಎತ್ತರ ಇದ್ದಾಳೆ?" ಎಂದ ಮುದುಕ.

ವಯಸ್ಸು ಹದಿನಾರು ಎಂದು ಹೇಳಿ ವ್ಯಾಲೆಂಟೈನ್ ಅಂಗೈಯನ್ನು ತನ್ನ ಎದೆಯ ಮಟ್ಟಕ್ಕೆ ಹಿಡಿದ. ಮುದುಕ ಕೈಯನ್ನೂ ಮುಖವನ್ನೂ ನೋಡಿದ. ಹದಿನಾರರ ಹುಡುಗಿಯಾದರೆ ಒಮ್ಮೆ ಸರಿಯಾಗಿ ಅಳೆಸಿಕೊಂಡು ಬನ್ನಿ, ಮುಂದಿನ ವಾರವೂ ನಾನು ಇಲ್ಲೇ ಇರುತ್ತೇನೆ ಎಂದ.

ಸಂಪತ್ ಅವನನ್ನು ಪಕ್ಕಕ್ಕೆ ಎಳೆದು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಕರೆದ. "ಪೊರ್ಬುಗಳೆ, ಎಂತಕ್ಕೆ ಹಟ ಮರ್ರೆ? ಒಂದು ಫೋನ್ ಮಾಡಿ ಕೇಣಿ. ಅವಳಮ್ಮ ಹೇಳ್ತ್ರಲ್ದಾ."

"ನನ್ನ ಮಗಳ ಅಳತೆ ನಾನು ಯಾರ ಹತ್ರವೂ ಕೇಳ್ಬೇಕಾಗಿಲ್ಲ," ಎಂದ ವ್ಯಾಲೆಂಟೈನ್. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅಂದ.

ಕೇಳಿದ್ದರೆ ಏನೂ ಸವೆಯುತ್ತಿರಲಿಲ್ಲ. ಆದರೆ ಇವನಾಗಿ ಫೋನ್ ಮಾಡಿದರೆ ಆ ಮನೆಯಲ್ಲಿ ಎತ್ತುವವನು ಕಾಲಿನ್. ನನ್ನ ಮಗಳು ಎಷ್ಟು ಎತ್ತರ ಎಂದು ಅವನನ್ನು ಕೇಳುವುದೆಂದರೆ ಮರ್ಯಾದೆ ಬಿಟ್ಟ ಹಾಗೆ. ಭಾನುವಾರದ ಫೋನಿನಲ್ಲಿ ಮಗಳನ್ನೇ ಕೇಳಿದರೆ ಅಪ್ಪನಿಗೆ ತನ್ನ ಎತ್ತರವೂ ಗೊತ್ತಿಲ್ಲ ಎಂದು ಅವಳಿಗೆ ತಿಳಿದುಹೋಗುತ್ತಿತ್ತು. ಎಲ್ಲಕ್ಕಿಂತ ಗಿಡ್ಡ ಮರದ ರೈಫಲನ್ನೇ ಆರಿಸಿ, ಒಮ್ಮೆ ಹೆಗಲಿಗಿಟ್ಟು ನೋಡಿ, ಹಣ ಕೊಟ್ಟು ಬಂದ. ಲೈಸೆನ್ಸ್ ಇಲ್ಲದವನು ಅದನ್ನು ಒಯ್ಯುವಂತಿಲ್ಲ. ಮುದುಕನೇ ಅದನ್ನು ಮಗಳ ಊರಿನ ಹತ್ತಿರದ ಅಂಗಡಿಗೆ ಕಳಿಸಿದ.

ಆಮೇಲೆ ಕಾಯುವ ಕೆಲಸ. ಫ್ರೀಜರ್ ಖಾಲಿ ಮಾಡಿದ. ರೇನರ್ಸ್ ಲೇನ್‌ನ ಅಂಗಡಿಯವನಿಗೆ ಹೇಳಿ, ಊರಿನಲ್ಲಿ ಮಾಂಸದ ಅಡುಗೆಗೆ ಹಾಕುವ ಬಾಫತ್ ಪುಡಿ ತರಿಸಿಟ್ಟ. ಫ್ಯಾಕ್ಟರಿಯಲ್ಲಿ ಯಂತ್ರ ನಿಂತಾಗಲೆಲ್ಲ ಮಗಳ ಬೇಟೆಯ ವಿಷಯ ಹೇಳಿ ಹೇಳಿ ಎಲ್ಲರ ಕಿವಿ ತೂತು ಮಾಡಿದ. ಭಾನುವಾರದ ಫೋನಿನಲ್ಲಿ ಕೋವಿಯ ಮಾತೆತ್ತಿದರೆ ಮಾತ್ರ ರೆನಿಟಾ "ಚೆನ್ನಾಗಿದೆ" ಎಂದು ಬೇರೆ ವಿಷಯಕ್ಕೆ ಹಾರುತ್ತಿದ್ದಳು. ಜುಲೈಯಲ್ಲಿ ಒಂದು ಸಂಜೆ, "ಮೊಲ ಬಿತ್ತು. ಶನಿವಾರ ಬರ್ತೀನಿ," ಎಂದಳು.

ಸ್ಟೇಷನ್ನಿನ ಬಾಗಿಲಲ್ಲಿ ನಿಂತು ಅವನು ಬರುವವರನ್ನೆಲ್ಲ ಎದೆಯ ಮಟ್ಟದಲ್ಲೇ ನೋಡುತ್ತಿದ್ದ. ಐಸ್ ಪೆಟ್ಟಿಗೆ ಹಿಡಿದ ಉದ್ದನೆಯ ಹೆಂಗಸೊಬ್ಬಳು ಎದುರಿಗೇ ಬಂದು ನಿಂತಾಗ, ದಾರಿ ಬಿಡಲೆಂದು ಪಕ್ಕಕ್ಕೆ ಸರಿದ.

"ಡ್ಯಾಡಾ," ಎಂದಳು ಅವಳು.

ಕಣ್ಣು ಅವನ ಕಣ್ಣಿಗೆ ಸಮವಾಗಿತ್ತು. ಕೈಗಳೋ, ಅವನವಕ್ಕಿಂತ ಉದ್ದ. ಆ ಕೈ ನೋಡಿದ ಕೂಡಲೇ ಕೋವಿಯ ಗತಿ ಏನಾಗಿರಬೇಕೆಂದು ಅವನಿಗೆ ತಿಳಿದುಹೋಯಿತು. ಆದರೂ ಅಡುಗೆಮನೆಗೆ ಬಂದ ಮೇಲೆ ಕೇಳಿದ.

"ಕೋವಿ ಸರಿಯಾಯ್ತಾ?"

ರೆನಿಟಾ ಸಿಂಕಿನ ಕಡೆ ಮುಖ ಮಾಡಿದಳು. "ಗಿಡ್ಡ ಆಯ್ತು ಡ್ಯಾಡಾ. ಹಿಡಿದ್ರೆ ಹೆಬ್ಬೆರಳು ಮೂಗಿಗೆ ಬಡೀತಿತ್ತು. ಅಂಗಡಿಯವ್ರು ವಾಪಸ್ ತಗೊಂಡ್ರು. ಕಾಲಿನ್ ತನ್ನ ಹಳೇದನ್ನ ನನ್ನ ಲೈಸೆನ್ಸಿಗೆ ಸೇರಿಸಿದ್ರು. ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ವ್ಯಾಲೆಂಟೈನ್ ಈರುಳ್ಳಿ ಹೆಚ್ಚತೊಡಗಿದ. ಕಣ್ಣಲ್ಲಿ ನೀರು ಬಂದದ್ದಕ್ಕೆ ಈರುಳ್ಳಿ ಇತ್ತು, ಪುಣ್ಯಕ್ಕೆ. ಬಾಫತ್ ಪುಡಿ, ವಿನೆಗರ್ ಹಾಕಿ ಮೊಲವನ್ನು ಸಣ್ಣ ಉರಿಯಲ್ಲಿ ಬೇಯಿಸಿದ. ಮಗಳು ಬೆರಳು ಚೀಪುತ್ತ ಉಂಡಳು, ಉಣ್ಣುತ್ತಲೇ ಬೇಟೆಯ ಕಥೆ ಹೇಳಿದಳು: ಬೇಲಿಯ ಅಡಿಯಲ್ಲಿ ಬೆಳಗಿನ ಮಂಜಿನಲ್ಲಿ ಕವುಚಿ ಮಲಗಿದ್ದು, ಮೊದಲ ಗುಂಡು ತಪ್ಪಿದ್ದು, ಎರಡನೆಯದಕ್ಕೆ ಉಸಿರು ಬಿಗಿಹಿಡಿದದ್ದು. ಅವನು ಬಟ್ಟಲು ಮುಂದಿಟ್ಟುಕೊಂಡು ಉಣ್ಣುವುದನ್ನೇ ಮರೆತು ಕೇಳಿದ. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಟಿವಿ ಬಾಯಿ ಮುಚ್ಚಿಕೊಂಡಿತ್ತು.

ಅವಳು ಹೊರಡುವ ಹೊತ್ತಿಗೆ ಪಾತ್ರೆಯಲ್ಲಿದ್ದ ಮಾಂಸವನ್ನೆಲ್ಲ ಡಬ್ಬಿಗೆ ತುಂಬಿ ಕೈಗೆ ಕೊಟ್ಟ. "ಇದು ಕಾಲಿನ್‌ಗೆ."

"ಡ್ಯಾಡಾ! ಇದು ನಿನಗೆ ತಂದದ್ದು!"

"ಕೋವಿ ಅವ್ನದ್ದಲ್ವಾ ಬಾಯೆ? ಪಾಲು ಅವ್ನಿಗೇ ಹೋಗ್ಬೇಕು."

ಅವಳು ಡಬ್ಬಿಯನ್ನು ಐಸ್ ಪೆಟ್ಟಿಗೆಯೊಳಗೆ ಇಳಿಸಿದಳು. ಪ್ಲ್ಯಾಟ್‌ಫಾರ್ಮಿನಲ್ಲಿ ಅವನು, "ಒಂದ್ಸಲ ಕೈ ಮಡಚು," ಎಂದ. ಮೊಣಕೈಯ ಮಡಿಕೆಯಿಂದ ಬೆರಳಿನವರೆಗೆ ತನ್ನ ಗೇಣಿನಲ್ಲಿ ಅಳೆದ. ಒಂದೂವರೆ ಗೇಣು.

"ಈಗ ಯಾಕೆ?" ಎಂದಳು.

"ಸುಮ್ಮನೆ. ಗೊತ್ತಿರ್ಲಿ ಅಂತ."

ರೈಲು ಬಂತು, ಹೋಯಿತು. ಮನೆಗೆ ಬಂದು ಟಿವಿ ಹಾಕದೆ ಅಡುಗೆಮನೆಯಲ್ಲಿ ನಿಂತ. ಪಾತ್ರೆಯ ತಳದಲ್ಲಿ ಸ್ವಲ್ಪ ಮಸಾಲೆ ಅಂಟಿಕೊಂಡಿತ್ತು. ಹೊಡೆದವನಿಗೆ ಪಾಲುಂಟು, ಓಡಿಸಿದವರಿಗೆ ಉಂಟು, ನಾಯಿಗೂ ಉಂಟು, ಕೋವಿಗೂ ಉಂಟು. ಬೇಯಿಸಿದವನಿಗೆ ಊರಿನಲ್ಲಿ ಯಾರೂ ಪಾಲು ಇಟ್ಟಿರಲಿಲ್ಲ. ಅವನು ಒಂದು ಚೂರು ಬ್ರೆಡ್ ಮುರಿದು, ಪಾತ್ರೆಯನ್ನು ಸುತ್ತ ಒರೆಸಿ, ನಿಂತಲ್ಲೇ ತಿಂದ.