ಅತ್ತೆಯ ಹಿಮ್ಮುಖ ಹೆಜ್ಜೆ

ನಮ್ಮತ್ತೆ ಅಂಕಮ್ಮ ಕೊತ್ತತ್ತಿಯ ನಾಲೆ ಮೆಟ್ಟಿಲಲ್ಲಿ ಜಾರಿ ಮಂಡಿ ಉಳುಕಿಸಿಕೊಂಡರು. ಊತವೇನೋ ಇಳಿಯಿತು, ಆದರೆ ಇಳಿಜಾರಿನಲ್ಲಿ ಕಾಲಿಟ್ಟಾಗಲೆಲ್ಲ ಮಂಡಿ ಲಟಕ್ ಎನ್ನುತ್ತಿತ್ತು, ಅವರು ನೋವಿಗೆ ಹಲ್ಲು ಕಚ್ಚುತ್ತಿದ್ದರು. ಮಂಡ್ಯದ ಡಾಕ್ಟರು ಎಕ್ಸರೇ ನೋಡಿ, "ಮೂಳೆಗೇನೂ ಆಗಿಲ್ಲ, ಸದ್ದಿಗೆ ಹೆದರಬೇಡಿ, ನಿಧಾನವಾಗಿ ಓಡಾಡಿ" ಎಂದರು.

ಅಷ್ಟರಲ್ಲಿ ಭತ್ತದ ನಾಟಿ ಬಂತು. "ಈ ಸಲ ಮನೇಲೇ ಇರಿ ಅತ್ತೆ, ಮಂಡಿ ಮುರ್ದೋದ್ರೆ ಏನ್ ಮಾಡ್ತೀರಿ?" ಎಂದು ರೇಗಿದೆ.

"ಸುಮ್ಕಿರು ಕಣಮ್ಮ ವೀಣ. ನಾನಿಲ್ದೆ ನೀನು ಪೈರು ನೆಟ್ಟಂಗೇ!" ಎಂದು ಕೋಲೂರಿಕೊಂಡು ಬಂದೇಬಿಟ್ಟರು.

ಏರಿಯಿಂದ ಗದ್ದೆಗೆ ಇಳಿಯುವಾಗ ಮೊದಲ ಹೆಜ್ಜೆಗೇ ಲಟಕ್ ಎಂದಿತು. ಹಿಡಿಯಲು ಹೋದ ನನ್ನ ಕೈಯನ್ನು ತಳ್ಳಿದರು. ಒಂದು ಗಳಿಗೆ ನಿಂತು, ಗದ್ದೆಗೆ ಬೆನ್ನು ತಿರುಗಿಸಿದರು. ನಾಟಿ ಹಾಕುವಾಗ ನಾವು ಹೆಂಗಸರೆಲ್ಲ ಹಿಂದಕ್ಕೇ ಸರಿಯುತ್ತೇವಲ್ಲ, ಹಾಗೆ ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಇಳಿದರು. ಸದ್ದೇ ಇಲ್ಲ. ಅವರೇ ಬೆರಗಾಗಿ ಮಂಡಿ ಮುಟ್ಟಿ ನೋಡಿಕೊಂಡರು.

"ಇದುಕ್ಕೆ ಕೆಲ್ಸ ಗೊತ್ತೈತೆ ಕಣಮ್ಮ" ಎಂದವರೇ ಬಗ್ಗಿ ಪೈರಿನ ಕಟ್ಟಿಗೆ ಕೈ ಹಾಕಿದರು.

ಬಯ್ಯುವುದನ್ನು ಬಿಟ್ಟು ನಾನೂ ಅವರ ಪಕ್ಕದಲ್ಲಿ ಬಗ್ಗಿದೆ. ಮುಂದಕ್ಕೆ ಇಳಿಯಲಾರದ ಆ ಕಾಲು ಹಿಂದಕ್ಕೆ ಸರಿಯುತ್ತ ಹೋದಂತೆ, ಅದರ ಮುಂದೆ ಗದ್ದೆ ಹಸಿರಾಗುತ್ತ ಹೋಯಿತು.